ಐದು ನಿಮಿಷದ ಕುರ್ಚಿ

ಮಾವನ ಗಂಟಲು ಸಮಯ ಕಾದು ಕೈಕೊಟ್ಟಿತು ಎಂದೇ ಸೊಸೆಗೆ ಅನಿಸಿತು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿದೆ, ಯಾವುದು ತಡವಾಗಿದೆ ಎಂದು ಮೂವತ್ತು ವರ್ಷ ಕೂಗಿದ ಗಂಟಲು ಅದು. ನಿವೃತ್ತಿಯಾದ ಮೇಲೂ ಅದಕ್ಕೆ ಬಿಡುವು ಸಿಕ್ಕಿರಲಿಲ್ಲ. ಎಲ್ಲಿ ನಾಲ್ಕು ಜನ ಸೇರಿದರೂ ಮಾವ ಐದನೆಯವರಾಗಿ ಹೋಗಿ, ದೇವರಿಲ್ಲ ಎಂಬುದನ್ನು ಆ ನಾಲ್ವರಿಗೂ ಮನವರಿಕೆ ಮಾಡಿಕೊಡುತ್ತಿದ್ದರು. ಊರಿನವರು ಅವರಿಗೆ ಇಟ್ಟ ಹೆಸರು ಮೈಕಪ್ಪ. ಹೆಸರಿಟ್ಟವರು ತಮಾಷೆಗೆ ಇಟ್ಟರು, ಮಾವ ಅದನ್ನು ಬಿರುದಿನಂತೆ ಹೊತ್ತು ತಿರುಗಿದರು.

ಡಾಕ್ಟರು ಸಣ್ಣ ಕನ್ನಡಿ ಹಿಡಿದು ಗಂಟಲೊಳಗೆ ಇಣುಕಿ ನೋಡಿದರು.

"ಆರು ವಾರ ಒಂದಕ್ಷರ ಮಾತಾಡೋ ಹಾಗಿಲ್ಲ. ಪಿಸುಮಾತೂ ಬೇಡ. ಆಮೇಲೂ ಮಾತಾಡಬೇಕು ಅನ್ನೋ ಆಸೆ ಇದ್ರೆ ಮಾತ್ರ ಈ ಮಾತು."

ಮಾವ ವಾದಕ್ಕೆ ಬಾಯಿ ತೆರೆದರು. ಪಕ್ಕದಲ್ಲೇ ಕೂತಿದ್ದ ಅತ್ತೆ ಅಂಗೈಯಿಂದ ಆ ಬಾಯನ್ನು ಮುಚ್ಚಿದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಬಾಯನ್ನು ಯಾರಾದರೂ ಮುಚ್ಚಿಸಿದ್ದು ಅದೇ ಮೊದಲು. ಸೊಸೆ ನಗು ತಡೆಯಲು ಗೋಡೆಯ ಮೇಲಿನ ಗಡಿಯಾರ ನೋಡಬೇಕಾಯಿತು.

ಆದರೆ ನಗುವ ಹೊತ್ತಾಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಪ್ರತಿ ವರ್ಷ ಪುರಭವನದಲ್ಲಿ ಒಂದು ಸಭೆ ನಡೆಯುತ್ತಿತ್ತು. ಊರಿನ ಒಂದೊಂದು ಧರ್ಮದಿಂದ ಒಬ್ಬೊಬ್ಬ ಹಿರಿಯರು ವೇದಿಕೆಯ ಮೇಲೆ ಕೂತು, ನಾವೆಲ್ಲ ಒಂದೇ ಊರಿನವರು ಎಂದು ಐದೈದು ನಿಮಿಷ ಮಾತಾಡಿ ಹೋಗುತ್ತಿದ್ದರು. ನಂಬುವವರಿಗೆಲ್ಲ ಕುರ್ಚಿ ಇದೆ, ನಂಬದವರೇನು ನೆಲದ ಮೇಲೆ ಕೂರಬೇಕಾ ಎಂದು ಮಾವ ವರ್ಷಗಟ್ಟಲೆ ಪುರಸಭೆಯ ಮೆಟ್ಟಿಲು ಸವೆಸಿದ್ದರು. ಈ ವರ್ಷ ಅಂತೂ ಒಂದು ಕುರ್ಚಿ ಮಂಜೂರಾಗಿತ್ತು. ಸಭೆಗೆ ಇನ್ನು ಐದು ವಾರ ಇತ್ತು. ಡಾಕ್ಟರು ಹೇಳಿದ್ದು ಆರು ವಾರ.

ಬೆಣ್ಣೆ ಕಾಯಿಸಿ ತುಪ್ಪವಾಗುವ ಹೊತ್ತಿಗೆ ಪಾತ್ರೆ ತೂತು ಬಿದ್ದ ಹಾಗಾಯಿತು.

ಮನೆಯಲ್ಲಿ ಐದು ಜನ. ಮಾವ, ಅತ್ತೆ, ಫ್ರಿಡ್ಜು ರಿಪೇರಿ ಮಾಡುವ ಮಗ, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಸೊಸೆ, ಮತ್ತು ಹನ್ನೆರಡು ವರ್ಷದ ಮೊಮ್ಮಗಳು. ಅವಳ ಬಾಯಿ ಅಜ್ಜನ ಬಾಯಿಯ ತುಂಡು, ಅದಕ್ಕೇ ಎಲ್ಲರೂ ಅವಳನ್ನು ಗಿಣಿ ಎಂದು ಕರೆಯುತ್ತಿದ್ದರು. ಗಿಣಿ ಅಟ್ಟದಿಂದ ತನ್ನ ಹಳೆಯ ಸ್ಲೇಟು ಹುಡುಕಿ ತಂದು ಅಜ್ಜನ ಕೈಗಿಟ್ಟಳು. ಅಂದಿನಿಂದ ಮನೆಯ ಜಗಳಗಳೆಲ್ಲ ಬಳಪದಲ್ಲಿ ನಡೆಯತೊಡಗಿದವು.

ಸ್ಲೇಟನ್ನು ಓದಿ ಹೇಳುವವರು ಇಬ್ಬರು. ಗಿಣಿ ಇದ್ದದ್ದನ್ನು ಇದ್ದ ಹಾಗೆ ಓದುತ್ತಿದ್ದಳು. ಅತ್ತೆಯ ಓದಿನ ರೀತಿಯೇ ಬೇರೆ. ಎರಡನೆಯ ದಿನ ರಾತ್ರಿಯ ಊಟಕ್ಕೆ ಕೂತಾಗ ಮಾವ ಒಂದು ತುತ್ತು ಬಾಯಿಗಿಟ್ಟವರೇ ಸ್ಲೇಟು ಎಳೆದುಕೊಂಡು, "ಗಂಜಿಗೆ ಉಪ್ಪಿಲ್ಲ. ಈ ಮನೆಯಲ್ಲಿ ನಾಲಗೆ ಯಾರಿಗೂ ಇಲ್ಲವೇ?" ಎಂದು ಬರೆದರು.

ಅತ್ತೆ ಸ್ಲೇಟು ನೋಡಿ, "ಸ್ವಲ್ಪ ಉಪ್ಪು ಬೇಕಂತೆ," ಎಂದು ಡಬ್ಬಿ ಮುಂದೆ ಸರಿಸಿದರು.

"ಅಜ್ಜಿ, ನೀನು ಅರ್ಧನೇ ಓದಿದ್ದೀಯ."

"ಊಟಕ್ಕೆ ಬೇಕಾಗಿದ್ದು ಅಷ್ಟೇ."

ಮಾವ ಬಳಪದಿಂದ ಸ್ಲೇಟು ಕುಟ್ಟಿದರು. ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಪಾಪ ಅನ್ನಿಸಬೇಕಾದ ಜಾಗದಲ್ಲಿ ಸೊಸೆಗೆ ಒಂದು ಬಗೆಯ ಹಾಯೆನಿಸಿತು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಚಮಚ ತಟ್ಟೆಗೆ ತಗುಲುವ ಸದ್ದನ್ನು ಅವಳು ಕೇಳಿದ್ದು ಅದೇ ಮೊದಲ ಸಲ.

ಆ ವಾರದ ಕೊನೆಗೆ ಕೂಟದ ಕಾರ್ಯದರ್ಶಿ ಬಂದರು. ನಂಬದವರ ಕೂಟ ಅದು, ಮಾವ ಅದರ ಅಧ್ಯಕ್ಷರು. ಕಾರ್ಯದರ್ಶಿ ಮೊದಲು ಔಷಧಿ ಅಂಗಡಿ ಇಟ್ಟಿದ್ದವರು, ಈಗಲೂ ಎಲ್ಲವನ್ನೂ ಅಳೆದು ಮಾತಾಡುತ್ತಿದ್ದರು. ಚಹಾದ ಲೋಟ ಹಿಡಿದುಕೊಂಡು ಅವರು ತಮ್ಮ ಸಂಕಟ ಬಿಚ್ಚಿದರು.

"ನಮ್ಮಲ್ಲಿ ಹದಿನಾಲ್ಕು ಜನ ಇದ್ದೀವಿ. ಒಬ್ಬರ ಹೆಸರು ಎತ್ತಿದ್ರೆ ಸಾಕು, ನಮ್ಮ ಪರವಾಗಿ ಮಾತಾಡೋಕೆ ಇವನ್ಯಾರು ಅಂತ ಹದಿಮೂರು ಜನ ಎದ್ದು ನಿಲ್ತಾರೆ."

"ಬೇರೆಯವರಿಗೆ ಈ ತಾಪತ್ರಯ ಇಲ್ವಲ್ಲ," ಎಂದಳು ಸೊಸೆ.

"ಅವರಿಗೆ ಹಿರಿಯರು ಅಂತ ಒಬ್ಬರು ಇರ್ತಾರೆ ತಾಯಿ. ಅವರು ಹೇಳಿದ್ದಕ್ಕೆ ಉಳಿದವರು ತಲೆ ಆಡಿಸ್ತಾರೆ. ನಾವು ಕೂಟ ಕಟ್ಟಿದ್ದೇ ತಲೆ ಆಡಿಸಬಾರದು ಅಂತ."

"ನೀವೇ ಮಾತಾಡಿ."

"ನನಗೆ ವೇದಿಕೆ ಹತ್ತಿದ್ರೆ ಕಾಲು ನಡುಗುತ್ತೆ. ಇವರು ಇದ್ದಾರಲ್ಲ ಅಂತ ಇಷ್ಟು ವರ್ಷ ನಿಶ್ಚಿಂತೆಯಾಗಿದ್ದೆ."

ಮಾವ ಬಹಳ ಹೊತ್ತು ಸ್ಲೇಟಿನ ಮೇಲೆ ಬಗ್ಗಿ ಬರೆದರು. ಗಿಣಿ ಓದಿದಳು. "ಭಾಷಣ ನಾನು ಬರೆಯುತ್ತೇನೆ. ಸೊಸೆ ಓದಲಿ. ಅವಳ ಉಚ್ಚಾರಣೆ ಚೆನ್ನಾಗಿದೆ. ನಮ್ಮ ಮನೆಯವಳೇ ಆದ್ದರಿಂದ ಕೂಟದವರ ತಕರಾರು ಇರುವುದಿಲ್ಲ."

ಕಾರ್ಯದರ್ಶಿ ಲೋಟ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. ತೀರ್ಮಾನ ಆಗಿಯೇ ಹೋದಂತೆ ಎಲ್ಲರೂ ಸೊಸೆಯ ಕಡೆ ತಿರುಗಿದರು.

"ಒಂದು ನಿಮಿಷ," ಎಂದಳು ಅವಳು. "ನಾನು ನಂಬದವಳು ಅಂತ ನಿಮಗ್ಯಾರು ಹೇಳಿದ್ರು?"

ಅತ್ತೆ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದರು. ಹದಿನಾಲ್ಕು ವರ್ಷದಿಂದ ಅದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ಹೆಣ್ಣನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅತ್ತೆಯ ಜೊತೆ ಪ್ರಾರ್ಥನೆಗೆ ಕೂರದಿದ್ದಕ್ಕೆ ಮಾವ ಅವಳನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ಮಾವನ ಮಾತಿಗೆ ಚಪ್ಪಾಳೆ ಹೊಡೆಯದಿದ್ದಕ್ಕೆ ಅತ್ತೆ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು.

"ಹಾಗಾದ್ರೆ ನಂಬ್ತೀಯಾ?" ಎಂದು ಅತ್ತೆ ಆಸೆಯಿಂದ ಕೇಳಿದರು.

"ಗೊತ್ತಿಲ್ಲ ಅತ್ತೆ. ಯೋಚನೆ ಮಾಡಿದ್ದೀನಿ. ಗೊತ್ತಿಲ್ಲ ಅಂತಲೇ ಬರುತ್ತೆ."

ಮಾವ ರಪರಪನೆ ಬರೆದರು. ಗಿಣಿ ಓದಿದಳು. "ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ."

"ಯಾಕೆ ಮಾವ? ಅಡ್ಡಗೋಡೆ ಮೇಲಿಟ್ರೆ ಎರಡು ಕಡೆಗೂ ಬೆಳಕು ಬೀಳುತ್ತೆ."

ಕಾರ್ಯದರ್ಶಿಗೆ ಕೆಮ್ಮು ಬಂತು. ಮಾವ ಸ್ಲೇಟು ಒರೆಸಿ ಇನ್ನೊಂದು ಸಾಲು ಬರೆದರು. ಈ ಸಲ ಅಕ್ಷರ ಸಣ್ಣದಾಗಿತ್ತು, ಗಿಣಿಯ ಕೈಗೆ ಕೊಡದೆ ನೇರ ಸೊಸೆಯ ಕಡೆಗೇ ತಿರುಗಿಸಿದರು. "ಬೇರೆ ಯಾರೂ ಇಲ್ಲ. ಓದಿ ಬಾ."

ಅಷ್ಟು ವರ್ಷ ಊರಿಗೆಲ್ಲ ಕೇಳುವಂತೆ ಕೂಗಿದ ಮನುಷ್ಯ ಹೀಗೆ ಸಣ್ಣಕ್ಷರದಲ್ಲಿ ಕೇಳಿದ್ದು ಅವಳ ಮನಸ್ಸಿಗೆ ತಾಗಿತು. ಒಪ್ಪಿಕೊಂಡಳು.

ಭಾಷಣ ಬರೆಯುವುದಕ್ಕೆ ಮಾವನಿಗೆ ಎರಡು ವಾರ ಬೇಕಾಯಿತು. ಕನ್ನಡಕ ಹಣೆಯ ಮೇಲಿಟ್ಟುಕೊಂಡು, ಹಾಳೆಯನ್ನು ಮೂಗಿನ ತುದಿಗೆ ಹಿಡಿದು ಬರೆಯುತ್ತಿದ್ದರು. ಆ ಕನ್ನಡಕದ್ದೇ ಒಂದು ಕಥೆ. ಎರಡು ವರ್ಷದ ಕೆಳಗೆ ಸೊಸೆಯೇ ಅವರ ಕಣ್ಣು ಪರೀಕ್ಷೆ ಮಾಡಿದ್ದಳು. ಮಾವ ಸರದಿಗಾಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, ಒಳಗೆ ಹೋದವರೆಲ್ಲ ಗೋಡೆಯ ಪಟ್ಟಿ ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ತಮ್ಮ ಸರದಿ ಬಂದಾಗ, ಕೊನೆಯ ಸಾಲಿನ ಇರುವೆಗಾತ್ರದ ಅಕ್ಷರಗಳನ್ನೂ ಬಸ್ಸಿನ ಹೆಸರು ಕೂಗಿದ ಹಾಗೆ ಕೂಗಿ ಹೇಳಿದರು.

"ಮಾವ, ನೋಡಿ ಓದ್ತಿದ್ದೀರಾ?"

"ಮತ್ತೆ? ಮೂಸಿ ಓದ್ತಾರಾ?"

ಗಾಜು ಬದಲಿಸಿ ಇದು ಸ್ಪಷ್ಟವಾ ಅದು ಸ್ಪಷ್ಟವಾ ಎಂದು ಕೇಳಿದರೆ, ಅವಳ ಮಾತು ಮುಗಿಯುವ ಮೊದಲೇ "ಇದೇ" ಎನ್ನುತ್ತಿದ್ದರು. ಹಾಗೆ ಬಂದ ಕನ್ನಡಕ ಹಾಕಿದರೆ ತಲೆನೋವು. ತಪ್ಪು ಗಾಜು ಮಾಡಿದವರದು ಎಂದು ವಾದಿಸಿ ಮಾವ ಅದನ್ನು ಹಣೆಯ ಮೇಲಕ್ಕೆ ಏರಿಸಿದರು. ಅಂದಿನಿಂದ ಅದು ಅಲ್ಲೇ ಇತ್ತು.

ಭಾಷಣ ಮುಗಿದ ದಿನ ಊಟದ ಮೇಜಿನ ಬಳಿ ತಾಲೀಮು ಶುರುವಾಯಿತು. ಸೊಸೆ ನಿಂತು ಓದಬೇಕು, ಮಾವ ಚಮಚದಿಂದ ಮೇಜು ತಟ್ಟಿ ಎಲ್ಲಿ ಏರಿಸಬೇಕು ಎಲ್ಲಿ ಇಳಿಸಬೇಕು ಎಂದು ತೋರಿಸಬೇಕು. ಮೊದಲ ಹಾಳೆ ಚೆನ್ನಾಗಿಯೇ ಇತ್ತು. ರಸ್ತೆಗೆ ಕಲ್ಲು ಹಾಕುವವರಲ್ಲಿ ನಂಬದವರೂ ಇದ್ದಾರೆ, ರಕ್ತ ಕೊಡುವವರ ಸಾಲಿನಲ್ಲೂ ಇದ್ದಾರೆ, ಅವರ ಮನೆಯಲ್ಲೂ ಸಾವು ಬರುತ್ತದೆ, ಆಗ ಅವರಿಗೂ ನಾಲ್ಕು ಹೆಗಲು ಬೇಕು ಎಂದು ಬರೆದಿದ್ದರು. ಓದುತ್ತ ಸೊಸೆಗೆ ಮಾವನ ಬಗ್ಗೆ ಹೆಮ್ಮೆಯೆನಿಸಿತು.

ಎರಡನೆಯ ಹಾಳೆಯ ಮೊದಲ ಸಾಲಿಗೆ ಅವಳ ದನಿ ನಿಂತಿತು.

"ಏನಾಯ್ತು?" ಎಂದ ಗಂಡ, ಅಡುಗೆಮನೆಯ ಫ್ರಿಡ್ಜಿನ ಹಿಂದೆ ತಲೆ ತೂರಿಸಿಕೊಂಡೇ. ಊರಿನ ಫ್ರಿಡ್ಜುಗಳೆಲ್ಲ ಅವನ ಕೈಯಲ್ಲಿ ತಣ್ಣಗಾಗುತ್ತಿದ್ದವು, ಮನೆಯದು ಮಾತ್ರ ಗೊರಗೊರ ಎನ್ನುತ್ತಿತ್ತು.

ಅದು ಮಾವನ ಹಳೆಯ ತಮಾಷೆ. ಊರಿಗೆಲ್ಲ ಬಾಯಿಪಾಠವಾಗಿದ್ದ ತಮಾಷೆ. 'ನನ್ನ ಹೆಂಡತಿ ನಲವತ್ತು ವರ್ಷದಿಂದ ದಿನವೂ ಪ್ರಾರ್ಥನೆ ಮಾಡುತ್ತಾಳೆ. ನಮ್ಮ ಅಡುಗೆಮನೆಯ ಸೂರು ಇವತ್ತಿಗೂ ಸೋರುತ್ತದೆ. ಒಂದೋ ಮೇಲೆ ಯಾರೂ ಇಲ್ಲ, ಇಲ್ಲವೇ ಇರುವವನಿಗೆ ಗಾರೆ ಕೆಲಸ ಬರುವುದಿಲ್ಲ.' ಈ ಮಾತಿಗೆ ಸಭೆ ನಗದೇ ಇದ್ದದ್ದಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತೊಳೆಯುತ್ತಿದ್ದರು. ಅವರ ಕಾಲ ಬಳಿ, ಸೂರಿನ ಕಲೆಗೆ ನೇರ ಕೆಳಗೆ, ಯಾವಾಗಲೂ ಇರುವ ನೀಲಿ ಬಕೆಟ್ಟು ಇತ್ತು.

"ಮಾವ, ಇದನ್ನ ತೆಗೆದುಬಿಡೋಣ."

ಚಮಚ ನಿಂತಿತು. ಸ್ಲೇಟಿನಲ್ಲಿ "ಅದು ಭಾಷಣದ ಬೆನ್ನೆಲುಬು" ಎಂದು ಬಂತು.

"ಬೆನ್ನೆಲುಬು ನಿಮ್ಮದು, ಮುರಿಯೋದು ಇನ್ನೊಬ್ಬರದು. ನಾನು ಓದಲ್ಲ."

"ಒಪ್ಪಿಕೊಂಡಿದ್ದೀಯ," ಎಂದು ಬರೆದರು ಮಾವ.

"ಒಪ್ಪಿಕೊಂಡಾಗ ಈ ಹಾಳೆ ಇರಲಿಲ್ಲ. ತೆಗೀತೀರೋ ಇಲ್ವೋ?"

ಮಾವ ಬಳಪ ಕೆಳಗಿಟ್ಟು ಕೈಕಟ್ಟಿ ಕೂತರು. ಅದೇ ಉತ್ತರ.

"ಸರಿ. ಹಾಗಾದ್ರೆ ಅವತ್ತು ಏನು ಮಾಡ್ತೀನಿ ಅಂತ ನಾನೂ ಈಗಲೇ ಹೇಳಲ್ಲ," ಎಂದು ಹಾಳೆ ಮಡಚಿಕೊಂಡು ಅವಳು ಅಡುಗೆಮನೆಗೆ ಹೋದಳು. ತುಂಬಿದ ಸಭೆಯಲ್ಲಿ ಹಿರಿಯರ ಮಾತು ಮೀರುವ ಧೈರ್ಯ ಈ ಹುಡುಗಿಗೆಲ್ಲಿ ಎಂದುಕೊಂಡರೋ ಏನೋ, ಮಾವ ನಿಶ್ಚಿಂತೆಯಾಗಿ ಬಾಳೆಹಣ್ಣು ಸುಲಿದರು.

ಅತ್ತೆ ತೊಳೆದ ತಟ್ಟೆಗಳನ್ನು ಅವಳ ಕೈಗೆ ಕೊಡುತ್ತ ಹೋದರು. ಅವಳು ಒರೆಸುತ್ತ ಹೋದಳು.

"ಓದಿಬಿಡು," ಎಂದರು ಅತ್ತೆ. "ನನಗೇನು ಹೊಸದಾ. ಸಭೆಗೆ ನಾನು ಹೋದವಳಲ್ಲ. ಆದ್ರೆ ಮಾರನೇ ದಿನ ತರಕಾರಿ ಅಂಗಡಿಯವನು, ಅಮ್ಮಾ ಸೂರು ಹೇಗಿದೆ ಅಂತ ಕೇಳ್ತಾನೆ. ಆಗ ಗೊತ್ತಾಗುತ್ತೆ, ನಿನ್ನೆ ಎಲ್ಲೋ ಭಾಷಣ ಆಯ್ತು ಅಂತ."

"ನಿಮಗೆ ಬೇಜಾರಾಗಲ್ವಾ?"

ಅತ್ತೆ ಒಂದು ಲೋಟವನ್ನು ಎರಡು ಸಲ ತೊಳೆದರು. "ಈ ಸಲ ನಾನೂ ಬರ್ತಿದ್ದೀನಿ. ನಮ್ಮ ಕಡೆಯ ಹೆಂಗಸರೆಲ್ಲ ಹೊರಟಿದ್ದಾರೆ. ಮೂರನೇ ಸಾಲಲ್ಲಿ ಜಾಗ ಹಿಡಿದಿದ್ದಾರಂತೆ."

ಅಂದರೆ ಆ ಮಾತನ್ನು ಸೊಸೆ ಅತ್ತೆಯ ಮುಖ ನೋಡಿಕೊಂಡೇ ಹೇಳಬೇಕು. ಹೇಳಿದರೆ ಈ ತಟ್ಟೆ ಕೊಡುವ ಕೈಯ ಮುಂದೆ ಅವಳು ಮತ್ತೆ ಹೇಗೆ ನಿಲ್ಲಬೇಕು? ಹೇಳದಿದ್ದರೆ, ಮಾವ ವರ್ಷಗಟ್ಟಲೆ ಕಾದ ಐದು ನಿಮಿಷವನ್ನು ಅವಳೇ ಕಿತ್ತುಕೊಂಡ ಹಾಗೆ. ಮಲಗುವ ಮೊದಲು ಗಂಡನನ್ನು ಕೇಳಿದಳು.

"ನನ್ನನ್ನ ಮಧ್ಯಕ್ಕೆ ಎಳೀಬೇಡ," ಎಂದ ಅವನು. "ಅತ್ತ ದರಿ, ಇತ್ತ ಪುಲಿ."

"ದರಿ ಯಾರು, ಪುಲಿ ಯಾರು?"

"ಅದನ್ನ ಬಾಯಿಬಿಟ್ಟು ಹೇಳಿದ್ರೆ ನಾಳೆ ನನಗೆ ಅನ್ನ ಹಾಕೋರಿಲ್ಲ." ದೀಪ ಆರಿಸಿ ಮಲಗಿದವನು ಸ್ವಲ್ಪ ಹೊತ್ತಿನ ಮೇಲೆ ಕತ್ತಲಲ್ಲೇ ಹೇಳಿದ, "ನಾನು ಸ್ಕೂಲಲ್ಲಿದ್ದಾಗ ಹುಡುಗರು ಆ ತಮಾಷೆ ಹೇಳಿ ನಗ್ತಿದ್ರು. ನಾನೂ ನಗ್ತಿದ್ದೆ. ಆಮೇಲೆ ಮನೆಗೆ ಬಂದ್ರೆ ಅಮ್ಮ ಬಕೆಟ್ಟು ಖಾಲಿ ಮಾಡ್ತಾ ಇರೋರು."

ಸಭೆಯ ದಿನ ಪುರಭವನ ತುಂಬಿತ್ತು. ವೇದಿಕೆಯ ಕೊನೆಯ ಕುರ್ಚಿ ನಂಬದವರದು. ಉಳಿದ ಕುರ್ಚಿಗಳಿಗೆ ಮೆತ್ತೆಯಿತ್ತು. ಇದನ್ನು ಕೊನೆಗಳಿಗೆಯಲ್ಲಿ ಗುಮಾಸ್ತರ ಕೋಣೆಯಿಂದ ತಂದಿಟ್ಟಿದ್ದರೆಂದು ಕಾಣುತ್ತದೆ, ಒಂದು ಕಾಲು ಗಿಡ್ಡ. ಸೊಸೆ ಅದರ ಮೇಲೆ ಅಲುಗಾಡದಂತೆ ಕೂತಳು. ಕೆಳಗೆ ಮೊದಲ ಸಾಲಿನಲ್ಲಿ ಮಾವ, ಗಿಣಿ, ಕಾರ್ಯದರ್ಶಿ, ಕೂಟದ ಉಳಿದವರು. ಅತ್ತೆ ಮೂರನೇ ಸಾಲಿನಲ್ಲಿ, ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದರು.

ಹಿರಿಯರೆಲ್ಲ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಸಮಯ ಮುಗಿದಾಗ ಸಭೆಯ ಅಧ್ಯಕ್ಷೆ ಮೇಜಿನ ಮೇಲಿನ ಗಂಟೆ ಒತ್ತುತ್ತಿದ್ದರು. ಕೊನೆಗೆ ಸೊಸೆಯ ಸರದಿ ಬಂತು.

ಅವಳು ಮೊದಲ ಹಾಳೆಯನ್ನು ಮಾವ ಹೇಳಿಕೊಟ್ಟ ಏರಿಳಿತದಲ್ಲೇ ಓದಿದಳು. ನಾಲ್ಕು ಹೆಗಲಿನ ಮಾತಿಗೆ ಸಭೆ ತಲೆದೂಗಿತು. ಮಾವನ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದುದು ಅವಳಿಗೆ ಕಂಡಿತು. ಹಾಳೆ ತಿರುಗಿಸಿದಳು. ಮೊದಲ ಸಾಲಿನ ಕೆಲವರು ಆಗಲೇ ನಗಲು ಸಿದ್ಧವಾಗಿ ಮುಂದಕ್ಕೆ ಸರಿದಿದ್ದರು. ಅತ್ತೆಯ ಮುಖ, ಸೂಜಿ ಚುಚ್ಚಿಸಿಕೊಳ್ಳುವಾಗ ಬಿಗಿಹಿಡಿದುಕೊಳ್ಳುವ ಮುಖದ ಹಾಗಿತ್ತು. ಅದನ್ನು ನೋಡಿ ಸೊಸೆಗೆ ಸಿಟ್ಟು ಬಂತು, ಮಾವನ ಮೇಲೆ, ನಗಲು ಕಾದವರ ಮೇಲೆ, ಇಷ್ಟು ವರ್ಷ ಸುಮ್ಮನಿದ್ದ ತನ್ನ ಮೇಲೂ. ಹಾಳೆ ಮಡಚಿದಳು.

"ಇಲ್ಲಿ ತನಕ ಓದಿದ್ದು ನನ್ನ ಮಾವ ಬರೆದಿದ್ದು. ಅವರು ಇಲ್ಲೇ ಕೂತಿದ್ದಾರೆ. ಗಂಟಲು ಸರಿ ಇದ್ದಿದ್ರೆ ಅವರಿಗೆ ಈ ಮೈಕೂ ಬೇಕಾಗಿರಲಿಲ್ಲ."

ಸಭೆ ನಕ್ಕಿತು.

"ಮುಂದೆ ಒಂದು ತಮಾಷೆ ಇದೆ. ನಿಮಗೆಲ್ಲ ಗೊತ್ತಿರೋದೇ. ಅದನ್ನ ನಾನು ಓದಲ್ಲ. ಆ ತಮಾಷೆಯಲ್ಲಿ ಇರೋರ ಕೈಯಡುಗೆ ಉಂಡು ಇಲ್ಲಿಗೆ ಬಂದಿದ್ದೀನಿ."

ನಗು ನಿಂತಿತು. ಅವಳು ಮೈಕನ್ನು ತನ್ನ ಎತ್ತರಕ್ಕೆ ತಗ್ಗಿಸಿಕೊಂಡಳು.

"ನನ್ನನ್ನ ಯಾರೂ ಆರಿಸಿ ಕಳಿಸಿಲ್ಲ. ನಂಬದೇ ಇರೋರೆಲ್ಲ ಸೇರಿ ಒಬ್ಬರನ್ನ ಆರಿಸೋದು ಸಾಧ್ಯವೂ ಇಲ್ಲ ಅಂತ ಕಾಣುತ್ತೆ, ನಮ್ಮ ಮನೆಯಲ್ಲೇ ಅದು ಆಗಲಿಲ್ಲ. ದೇವರಿಲ್ಲ ಅಂತ ಗಟ್ಟಿಯಾಗಿ ಹೇಳೋರು ಇದ್ದಾರೆ, ನನ್ನ ಮಾವನ ಹಾಗೆ. ನನ್ನ ಹಾಗೆ, ಗೊತ್ತಿಲ್ಲ ಅನ್ನೋರೂ ಇದ್ದಾರೆ. ಇಬ್ಬರಿಗೂ ಸೇರಿ ನೀವು ಒಂದು ಕುರ್ಚಿ ಕೊಟ್ಟಿದ್ದೀರಿ. ಪರವಾಗಿಲ್ಲ, ಹಂಚಿಕೊಂಡು ಕೂರ್ತೀವಿ. ಮುಂದಿನ ವರ್ಷ ಕಾಲು ಮಾತ್ರ ಸರಿ ಮಾಡಿಸಿ."

ಅಧ್ಯಕ್ಷೆ ಬಗ್ಗಿ ಕುರ್ಚಿಯ ಕಾಲು ನೋಡಿದರು.

"ನಾನು ಕಣ್ಣು ಪರೀಕ್ಷೆ ಮಾಡೋಳು. ಎರಡು ಗಾಜು ತೋರಿಸಿ ಯಾವುದು ಚೆನ್ನಾಗಿ ಕಾಣುತ್ತೆ ಅಂತ ಕೇಳ್ತೀನಿ. ಇದು ಅಂದ್ರೂ ಸರಿ, ಅದು ಅಂದ್ರೂ ಸರಿ. ಗೊತ್ತಾಗ್ತಿಲ್ಲ ಅಂದ್ರೂ ಅದು ನನಗೆ ಉತ್ತರವೇ. ಅದನ್ನ ಕೇಳಿದ ಮೇಲೇ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯೋದು. ಕಷ್ಟ ಕೊಡೋರು ಯಾರು ಗೊತ್ತಾ? ಹೊರಗೆ ಕೂತೋರಿಗೆ ಕೇಳಿಸಲಿ ಅಂತ, ಕಾಣದೇ ಇದ್ದದ್ದನ್ನ ಕಂಡ ಹಾಗೆ ಓದೋರು. ಅವರು ನಂಬೋರಲ್ಲೂ ಇದ್ದಾರೆ, ನಂಬದೋರಲ್ಲೂ ಇದ್ದಾರೆ. ಅವರಿಗೆ ಎಂಥ ಕನ್ನಡಕ ಕೊಟ್ರೂ ತಲೆನೋವೇ."

ಮಾವನ ಕೈ ತಾನಾಗಿ ಹಣೆಯ ಮೇಲಿನ ಕನ್ನಡಕಕ್ಕೆ ಹೋಯಿತು. ಗಿಣಿ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನಮಗೆ ಏನು ಬೇಕು ಅಂತ ಕೇಳಿದ್ರೆ, ದೊಡ್ಡದೇನೂ ಇಲ್ಲ. ಆಸ್ಪತ್ರೆಗೆ ಸೇರುವಾಗ ನಿಮ್ಮ ಧರ್ಮ ಯಾವುದು ಅಂತ ಕೇಳ್ತಾರೆ. ಯಾವುದೂ ಇಲ್ಲ ಅಂದ್ರೆ, ಹಾಗಲ್ಲಮ್ಮ, ಹೇಳಿ ಅಂತ ಇನ್ನೊಂದ್ಸಲ ಕೇಳ್ತಾರೆ. ಎರಡನೇ ಸಲ ಕೇಳಬೇಡಿ. ಮುಂದಿನ ಪ್ರಶ್ನೆಗೆ ಹೋಗಿ. ನನಗೆ ಬೇಕಾಗಿದ್ದು ಅಷ್ಟೇ. ಬೇರೆಯವರಿಗೆ ಬೇರೆ ಇರಬಹುದು, ಅವರೇ ಬಂದು ಹೇಳಲಿ."

ಗಂಟೆ ಬಡಿಯುವ ಮೊದಲೇ ಅವಳು ಮುಗಿಸಿ ಕೂತಳು. ಕುರ್ಚಿ ಒಂದು ಸಲ ಟಕ್ ಎಂದಿತು. ಚಪ್ಪಾಳೆ ಮೊದಲು ಬಂದದ್ದು ಕೂಟದವರಿಂದಲ್ಲ, ಹಿಂದಿನ ಸಾಲುಗಳಿಂದ.

ಇಳಿದು ಬಂದವಳನ್ನು ಕಾರ್ಯದರ್ಶಿ ತಡೆದರು. "ನೀವು ಕೂಟದ ಮಾತು ಹೇಳಲಿಲ್ಲ."

"ಹೌದು, ಹೇಳಲಿಲ್ಲ."

ಅವರು ಇನ್ನೇನೋ ಅಳೆದು ಹೇಳಲು ಹೊರಟಿದ್ದರು. ಅಷ್ಟರಲ್ಲಿ ಒಬ್ಬಳು ನರ್ಸು ಮಧ್ಯೆ ತೂರಿ, "ಆ ಪ್ರಶ್ನೆ ಕೇಳೋಳು ನಾನೇ," ಎಂದಳು. "ಇನ್ಮೇಲೆ ಒಂದೇ ಸಲ ಕೇಳ್ತೀನಿ." ಅವಳ ಹಿಂದೆ ನಿಂತಿದ್ದ ಇಬ್ಬರು, ಗಂಡ ಹೆಂಡತಿ ಇರಬೇಕು, ನಾವೂ ನಿಮ್ಮ ಥರಾನೇ, ಇಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದರು. ಸೊಸೆ ಸುತ್ತ ಹುಡುಕಿದಳು. ಮಾವ ಗಿಣಿಯ ಕೈಹಿಡಿದು ಆಗಲೇ ಮನೆಗೆ ಹೊರಟುಹೋಗಿದ್ದರು.

ಮನೆಯಲ್ಲಿ ಸ್ಲೇಟು ಊಟದ ಮೇಜಿನ ಮೇಲೆ, ಬಾಗಿಲಿಗೆ ಕಾಣುವಂತೆ ನಿಂತಿತ್ತು. "ನನ್ನ ಐದು ನಿಮಿಷ ಕದ್ದೆ."

"ಅರ್ಧ ನಿಮ್ಮದೇ ಓದಿದ್ದೀನಿ ಮಾವ. ಇನ್ನರ್ಧ ಕದ್ದಿದ್ದು ಹೌದು. ತಮಾಷೆ ತೆಗೀರಿ ಅಂತ ಮೊದಲೇ ಹೇಳಿದ್ದೆ."

ಮಾವ ಬರೆದರು, ಒರೆಸಿದರು, ಬರೆದರು. "ನಿನ್ನನ್ನು ಯಾರ ಪರವಾಗಿ ಕಳಿಸಿದ್ದು? ಯಾರ ಪರವಾಗಿ ಮಾತಾಡಿದೆ?"

"ನನ್ನ ಪರವಾಗಿ. ನಿಮ್ಮ ಪರವಾಗಿ ಮಾತಾಡೋಕೆ ನೀವಿದ್ದೀರಿ, ಇನ್ನೊಂದು ವಾರ ತಡೀರಿ."

ಮಾವ ಮತ್ತೆ ಬಳಪ ಹಿಡಿದರು. ಆಗ ಅತ್ತೆ ಕೈಚೀಲ ಮೇಜಿನ ಮೇಲಿಟ್ಟು ಎದುರಿನ ಕುರ್ಚಿ ಎಳೆದುಕೊಂಡು ಕೂತರು. ಸಭೆಗೆ ಹಾಕಿಕೊಂಡು ಹೋದ ಒಳ್ಳೆಯ ಬಟ್ಟೆಯಲ್ಲೇ ಇದ್ದರು.

"ಬರೀಬೇಡಿ, ಕೇಳಿ," ಎಂದರು. "ನೀವು ನಲವತ್ತು ವರ್ಷ ನನ್ನ ಪರವಾಗಿಯೂ ಮಾತಾಡಿದ್ರಿ. ನಾನು ಏನು ಬೇಡಿಕೊಳ್ತೀನಿ ಅಂತ ಊರಿಗೆಲ್ಲ ಹೇಳಿದ್ರಿ. ನನ್ನನ್ನ ಒಂದು ದಿನ ಕೇಳಿದ್ರಾ?"

ಮಾವನ ಕೈ ನಿಂತಿತು.

"ಸೂರಿನ ವಿಷಯ ನಾನು ದೇವರ ಹತ್ತಿರ ಯಾವತ್ತೂ ಎತ್ತಿಲ್ಲ. ಏಣಿ ಹತ್ತೋ ಕೆಲಸಕ್ಕೆ ದೇವರನ್ನ ಯಾಕೆ ಕರೀಲಿ? ಅದನ್ನ ನಿಮ್ಮ ಹತ್ತಿರ ಹೇಳಿದ್ದೆ. ಮದುವೆಯಾದ ವರ್ಷವೇ ಹೇಳಿದ್ದೆ. ಆಮೇಲೂ ಹೇಳಿದ್ದೆ."

ಗಿಣಿ ಸ್ಲೇಟು ಓದಲು ಬಗ್ಗಿದಳು. ಅದರಲ್ಲಿ ಏನೂ ಇರಲಿಲ್ಲ. ಫ್ರಿಡ್ಜು ಗೊರಗೊರ ಎನ್ನುತ್ತಿತ್ತು. ಕೊನೆಗೆ ಮಾವ ಒಂದು ಸಾಲು ಬರೆದು ಹೆಂಡತಿಯ ಕಡೆ ತಿರುಗಿಸಿದರು. "ಹಾಗಾದರೆ ದಿನಾ ಏನು ಬೇಡಿಕೊಳ್ಳುತ್ತೀ?"

ಅತ್ತೆ ಓದಿದರು. ಈ ಸಲ ಏನನ್ನೂ ಬಿಡದೆ ಓದಿದರು. "ಈಗ ಕೇಳಿದ್ರಲ್ಲ," ಎಂದು ಎದ್ದರು. "ನಿಧಾನಕ್ಕೆ ಹೇಳ್ತೀನಿ. ಮೊದಲು ಊಟ ಆಗಲಿ."

ಆಮೇಲಿನ ದಿನಗಳು ಬಿಗಿಯಾಗಿಯೇ ಕಳೆದವು. ಮಾವ ಸೊಸೆಯ ಜೊತೆ ಬರೆಯುವುದನ್ನೂ ಬಿಟ್ಟರು. ಅವಳು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹೇಳಬೇಕಾದ್ದನ್ನು ಹೇಳಿ ಆಗಿತ್ತು, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು. ಕೂಟದವರು ಎರಡು ಸಲ ಸಭೆ ಸೇರಿ ಅವಳನ್ನು ಖಂಡಿಸಬೇಕೋ ಸದಸ್ಯೆಯನ್ನಾಗಿ ಮಾಡಿಕೊಳ್ಳಬೇಕೋ ಎಂದು ಜಗಳವಾಡಿ, ತೀರ್ಮಾನವಾಗದೆ ಎದ್ದರಂತೆ. ತರಕಾರಿ ಅಂಗಡಿಯವನು ಮಾತ್ರ ಅತ್ತೆಗೆ ಸೂರಿನ ಸುದ್ದಿ ಕೇಳಲಿಲ್ಲ. ಕೊತ್ತಂಬರಿ ಜಾಸ್ತಿ ಹಾಕಿ ಕಳಿಸಿದ.

ಆರು ವಾರ ಕಳೆದು ಡಾಕ್ಟರು ಕನ್ನಡಿ ಹಿಡಿದು ನೋಡಿ, ಇನ್ನು ಮೆಲ್ಲಗೆ ಮಾತಾಡಬಹುದು ಎಂದರು. ಮನೆಯವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ಕಾದರು. ಆರು ವಾರದ್ದೆಲ್ಲ ಒಟ್ಟಿಗೇ ಬರುತ್ತದೆ ಎಂದು ಮಗ ಹೆದರಿ ಅಂದು ತಡವಾಗಿ ಮನೆಗೆ ಬಂದ. ಮಾವ ಊಟ ಮಾಡಿದರು, ಕೈತೊಳೆದರು, ಅಡುಗೆಮನೆಯಲ್ಲಿ ನಿಂತು ಕತ್ತೆತ್ತಿ ಸೂರು ನೋಡಿದರು, ಮಲಗಿದರು. ಒಂದು ಮಾತೂ ಇಲ್ಲ.

ಮರುದಿನ ಮಧ್ಯಾಹ್ನ ಕನ್ನಡಕದ ಅಂಗಡಿಯ ಬಾಗಿಲು ತೆರೆದು ಮಾವ ಒಳಗೆ ಬಂದರು. ಬೆಂಚಿನ ಮೇಲೆ ಕಾಯುತ್ತಿದ್ದವರ ಜೊತೆ ಕೂರದೆ, ಒಳಗಿನ ಪಟ್ಟಿ ಓದುವ ದನಿ ಕೇಳಿಸದಷ್ಟು ದೂರ, ರಸ್ತೆಯ ಬದಿಯ ಕಿಟಕಿಯ ಹತ್ತಿರ ಹೋಗಿ ನಿಂತರು. ಸರದಿ ಬಂದಾಗ ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಹಣೆಯ ಮೇಲಿನ ಕನ್ನಡಕ ತೆಗೆದು ಸೊಸೆಯ ಕೈಗೆ ಕೊಟ್ಟರು.

ಒತ್ತರಿಸಿ ಬಂದ ಪ್ರಶ್ನೆಗಳನ್ನೆಲ್ಲ ನುಂಗಿಕೊಂಡು ಸೊಸೆ ದೀಪ ತಗ್ಗಿಸಿ, ಚೌಕಟ್ಟನ್ನು ಅವರ ಮೂಗಿನ ಮೇಲೆ ಕೂರಿಸಿದಳು. ಒಂದು ಗಾಜು ಇಟ್ಟಳು. ತೆಗೆದು ಇನ್ನೊಂದು ಇಟ್ಟಳು.

"ಇದು ಚೆನ್ನಾಗಿ ಕಾಣುತ್ತಾ, ಅದಾ?"

ಮಾವ ಗೋಡೆಯ ಪಟ್ಟಿಯನ್ನೇ ನೋಡಿದರು. ಅವಳು ಮತ್ತೊಮ್ಮೆ ಎರಡನ್ನೂ ತೋರಿಸಿದಳು.

"ಗೊತ್ತಾಗ್ತಿಲ್ಲ," ಎಂದರು ಮಾವ.

ದನಿ ಒಡೆದಿತ್ತು, ತೆಳ್ಳಗಿತ್ತು. ಬಸ್ ನಿಲ್ದಾಣದಲ್ಲಿ ಆ ದನಿ ಮೊದಲ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಸೊಸೆ ಅಂಕಿ ಬರೆದುಕೊಂಡಳು. ಕಣ್ಣು ತುಂಬಿ ಬಂದದ್ದಕ್ಕೆ ಅಂಕಿಯನ್ನು ಎರಡು ಸಲ ಬರೆಯಬೇಕಾಯಿತು.

"ದೇವರ ವಿಷಯ ಅಲ್ಲ," ಎಂದರು ಮಾವ. "ಗಾಜಿನ ವಿಷಯ ಹೇಳಿದ್ದು."

"ಗೊತ್ತು ಮಾವ."

"ಬೇಗ ಮಾಡಿಸಿ ಕೊಡು. ಬೆಳಗ್ಗೆ ಏಣಿ ಇಟ್ಟು ನೋಡಿದೆ, ಮೆಟ್ಟಿಲು ಎರಡೆರಡಾಗಿ ಕಾಣುತ್ತೆ."